ಹೊನವಾಡದ ಅಂಗಳದಲ್ಲಿ ಅಬ್ಬಲಿಗೆ

(ಉಪನ್ಯಾಸದ ಪಠ್ಯ)



ಮಲೆನಾಡಿನ ಹಿತ್ತಲಲ್ಲಿ ಬಿತ್ತದೆಯೇ ಮೊಳೆಯುವ ಅಬ್ಬಲಿಗೆಯನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಹೊನವಾಡದಲ್ಲಿ ಅದೇ ಗಿಡವನ್ನು ಬೆಳೆಸಬೇಕಾದರೆ ನೀರಿನ ಲೆಕ್ಕ ಹಾಕಬೇಕು. ಅಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಬರದ ವರ್ಷಗಳಲ್ಲಿ ದ್ರಾಕ್ಷಿ ಪಡಗಳನ್ನು ಉಳಿಸಿಕೊಳ್ಳಲು ರೈತರು ಟ್ಯಾಂಕರ್ ನೀರು ಕೊಂಡ ಸೀಮೆ ಅದು. ಅಂಥಲ್ಲಿ ಹೂಗಿಡಕ್ಕೆ ನೀರೆಲ್ಲಿಯದು ಎಂಬ ಪ್ರಶ್ನೆ ಸಹಜವಾದುದೇ.

ಕನಕಾಂಬರವೆಂದೂ ಹೆಸರುಳ್ಳ ಅಬ್ಬಲಿಗೆಯು ದಕ್ಷಿಣ ಭಾರತ ಹಾಗೂ ಶ್ರೀಲಂಕೆಯ ನೆಲದ್ದೇ ಆದ, ಆಡುಸೋಗೆಯ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಎತ್ತರ ಎರಡು-ಮೂರು ಅಡಿ. ತೆನೆಯ ಬುಡದಿಂದ ತುದಿಯತ್ತ ಹೂಗಳು ಅರಳುತ್ತ ಹೋಗುತ್ತವೆ. ದಿನ ಬಿಟ್ಟು ದಿನ ಕೊಯ್ದರೆ ಸಾಕು. ಗಂಧವಿಲ್ಲದಿದ್ದರೂ ಹಗುರವಾಗಿ, ಬೇಗ ಬಾಡದೆ ಇರುವುದರಿಂದ ಅದು ಮುಡಿಯ ಹೂವಾಯಿತು.

ಈ ಗಿಡಕ್ಕೆ ಬಿಸಿಲಿಗಿಂತ ನಿಂತ ನೀರು ಹೆಚ್ಚು ಅಪಾಯಕಾರಿ. ಮಲೆನಾಡಿನಲ್ಲಿ ಜಡಿಮಳೆ ಬೇರನ್ನು ಕೊಳೆಸಿದರೆ, ಬಯಲಿನಲ್ಲಿ ನೀರು ಹಿಡಿದಿಡುವ ಎರೆಮಣ್ಣು ಅದೇ ಕೆಲಸ ಮಾಡುತ್ತದೆ. ಎರಡೂ ಕಡೆ ಪರಿಹಾರ ಒಂದೇ: ಮರಳು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಏರುಮಡಿ. ಸಾಲುಗಳ ನಡುವೆ 60 ಸೆಂ.ಮೀ., ಗಿಡಗಳ ನಡುವೆ 30 ಸೆಂ.ಮೀ. ಅಂತರವಿರಲಿ. ಮಧ್ಯಾಹ್ನದ ಬಿಸಿಲು ತಾಗದ, ಗೋಡೆಯ ಪೂರ್ವ ಮಗ್ಗುಲು ಸೂಕ್ತ. ಬುಡಕ್ಕೆ ಒಣಎಲೆಯ ಹೊದಿಕೆ ಹಾಕಿದರೆ ತೇವ ಆರುವುದಿಲ್ಲ.

ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಕೆಲವು ಗಿಡಗಳಿಗೆ ಸಾಲುತ್ತದೆ. ಸಾಬೂನಿನ ನೀರು ಸಲ್ಲದು. ಸುಣ್ಣದಂಶವುಳ್ಳ ಎರೆಮಣ್ಣಿನ ಕ್ಷಾರವನ್ನು ಅದು ಇನ್ನೂ ಹೆಚ್ಚಿಸುತ್ತದೆ. ಅಂಥ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣ ದೊರೆಯದೆ, ನರಗಳು ಹಸಿರಾಗಿಯೇ ಉಳಿದು ಎಳೆಯ ಎಲೆಗಳು ಹಳದಿಯಾಗುತ್ತವೆ.

ಬೇರಿಗೆ ತಗಲುವ ಜಂತುಹುಳುವೂ ಅಬ್ಬಲಿಗೆಯ ದೊಡ್ಡ ಪೀಡೆ. ಬೇವಿನ ಹಿಂಡಿ ಬೆರೆಸುವುದು, ಮಡಿಯಲ್ಲಿ ಮೊದಲು ಚೆಂಡುಹೂ ಬೆಳೆಯುವುದು ಇದರ ಹಾವಳಿಯನ್ನು ತಗ್ಗಿಸುತ್ತವೆ.

ಕೊನೆಯದಾಗಿ ಬೀಜದ ಮಾತು. ನರ್ಸರಿಗಳಲ್ಲಿ ಸಿಗುವ ‘ದೆಹಲಿ’ ತಳಿ ಬೀಜ ಕಟ್ಟುವುದಿಲ್ಲ. ಕಾಂಡದ ತುಂಡಿನಿಂದಲೇ ಅದನ್ನು ಬೆಳೆಸಬೇಕು. ನಾಟಿ ಅಬ್ಬಲಿಗೆಯ ಒಣಗಿದ ಕಾಯಿಗೆ ನೀರು ಸೋಕಿದೊಡನೆ ಅದು ಪಟ್ಟನೆ ಸಿಡಿದು ಬೀಜ ಚಿಮ್ಮುತ್ತದೆ. ವಿದ್ಯಾರ್ಥಿಗಳು ಮಳೆಗೆ ಮುನ್ನವೇ ಕಾಯಿ ಬಿಡಿಸಿ, ಬೀಜವನ್ನು ನೆರೆಹೊರೆಯವರೊಡನೆ ಹಂಚಿಕೊಳ್ಳಲಿ. ಬೇಸಿಗೆಯಲ್ಲಿ ಹಳ್ಳಗಳು ಬತ್ತುವ ಮಲೆನಾಡಿನ ಊರುಗಳೂ ಬಯಲುಸೀಮೆಯ ಈ ನೀರಿನ ಲೆಕ್ಕವನ್ನು ಕಲಿಯಬೇಕಾಗಿದೆ.