ಹಿತ್ತಲಿಗೆ ಬೇಗ ಹಣ್ಣಾಗುವ ಟೊಮೇಟೊ



ನಮ್ಮ ಅಡುಗೆಮನೆಗೆ ಟೊಮೇಟೊ ತಡವಾಗಿ ಬಂದ ಅತಿಥಿ. ಆದರೂ ಹುಣಸೆಹಣ್ಣಿನ ಪಕ್ಕದಲ್ಲಿಯೇ ಮಣೆ ಹಾಕಿಕೊಂಡು ಕುಳಿತಿದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರದೇಶದಲ್ಲಿ ಇದರ ಮೂಲ. ಪೋರ್ಚುಗೀಸರ ಕಾಲದಲ್ಲಿ ಇದು ಭಾರತಕ್ಕೆ ಬಂದಿತು. ನಮ್ಮವರು ಇದನ್ನು ಚಪ್ಪರಬದನೆ ಎಂದೂ ಕರೆದರು. ಹೆಸರು ತಕ್ಕುದೇ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳು ಇದರ ಬಂಧುಗಳು. ಈ ಬಂಧುತ್ವವನ್ನು ನೆನಪಿನಲ್ಲಿಡಿರಿ. ಮುಂದೆ ಉಪಯೋಗಕ್ಕೆ ಬರುವುದು.

ಬೇಗ ಹಣ್ಣಾಗುವ ತಳಿಯ ಆಯ್ಕೆ ಹೇಗೆ ಎಂಬುದಕ್ಕೆ ಶಿರಸಿ ತಾಲ್ಲೂಕಿನ ಹುಲೇಕಲ್ಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಮುದ್ರಮಟ್ಟದಿಂದ ಸುಮಾರು 2000 ಅಡಿ ಎತ್ತರದ ಸೀಮೆ. ಕಣಿವೆಗಳಲ್ಲಿ ಅಡಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ಮನೆಯ ಹಿಂದೆ ಹಿತ್ತಲು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಟೊಮೇಟೊ ಗಿಡ ನಿಲ್ಲಲಾರದು. ನೆಲ ಹದಕ್ಕೆ ಬರುವುದು ಅಕ್ಟೋಬರಿನಲ್ಲಿ. ಬೇಸಗೆ ಬಂತೆಂದರೆ ಬಾವಿಯ ನೀರು ಇಳಿಯುವುದು. ಇದ್ದ ನೀರಿಗೆ ಅಡಕೆಯೇ ಮೊದಲ ಹಕ್ಕುದಾರ. ಇದಲ್ಲದೆ, ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದಾಗ ಹೂವು ಚೆನ್ನಾಗಿ ಕಾಯಿಕಟ್ಟುವುದು. ಸೆಖೆ ಏರಿದರೆ ಹೂವು ಉದುರುವುದು. ಬೇಗ ಫಲಿಸುವ ತಳಿಯನ್ನು ಬಯಸುವುದಕ್ಕೆ ಇವೇ ಕಾರಣಗಳು.

ಬೀಜದ ಪೊಟ್ಟಣದ ಮೇಲಿನ ದಿನಗಳ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಟೊಮೇಟೊವಿಗೆ ಈ ಎಣಿಕೆ ಸಾಮಾನ್ಯವಾಗಿ ಸಸಿ ನೆಟ್ಟ ದಿನದಿಂದ, ಬೀಜ ಬಿತ್ತಿದ ದಿನದಿಂದಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ರೂಬಿ ತಳಿಯು ನೆಟ್ಟ 60–65 ದಿನಗಳಲ್ಲಿ ಹಣ್ಣು ಕೊಡುವುದೆಂದು ಪ್ರಸಿದ್ಧ. ಸಸಿಮಡಿಯಲ್ಲಿ ಕಳೆಯುವ 25–30 ದಿನಗಳನ್ನು ಇದಕ್ಕೆ ಕೂಡಿಸಬೇಕು. ಸೆಪ್ಟೆಂಬರ್ ಮೊದಲ ವಾರದಲ್ಲಿ ಮಾಡಿನ ಕೆಳಗೆ ಬಿತ್ತಿ ಅಕ್ಟೋಬರ್ ಆರಂಭದಲ್ಲಿ ನೆಟ್ಟರೆ, ಡಿಸೆಂಬರಿನ ಮೊದಲ ವಾರಕ್ಕೆ ಹಣ್ಣು. ನೆಟ್ಟ 85 ದಿನಗಳಿಗೆ ಮಾಗುವ ತಳಿಗಿಂತ ಮೂರು ವಾರದ ಲಾಭ.

ಹಾಗಾದರೆ ಹುಲೇಕಲ್ಲಿನವರು ಪೂಸಾ ರೂಬಿಯನ್ನೇ ನೆಡಬಹುದಲ್ಲವೆ ಎಂದು ಕೇಳುವಿರಿ. ತೊಡಕು ಇರುವುದು ಇಲ್ಲಿಯೇ. ಮಲೆನಾಡಿನ ಹುಳಿಮಣ್ಣಿನಲ್ಲಿ ದುಂಡಾಣು ಸೊರಗು ರೋಗವು ಬಲವಾಗಿರುವುದು. ನಿನ್ನೆಯವರೆಗೆ ಹಸಿರಾಗಿದ್ದ ಗಿಡವು, ಎಲೆ ಹಳದಿಯಾಗುವ ಮೊದಲೇ, ಬಾಡಿ ಜೋತುಬೀಳುವುದು. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ ಹಾಲಿನಂಥ ಎಳೆಗಳು ಇಳಿಯುವುವು. ರೋಗವು ಅದೇ ಎಂಬುದಕ್ಕೆ ಇದು ಗುರುತು. ಪೂಸಾ ರೂಬಿಗೆ ಈ ರೋಗವನ್ನು ತಡೆಯುವ ಶಕ್ತಿಯಿಲ್ಲ. ಅರವತ್ತು ದಿನಕ್ಕೆ ಹಣ್ಣು ಕೊಡುವ ಗಿಡವು ಐವತ್ತನೆಯ ದಿನ ಸತ್ತರೆ ಆ ಶೀಘ್ರತೆಯಿಂದ ಆದ ಪ್ರಯೋಜನವೇನು?

ಆದುದರಿಂದ ಇಂಥ ನೆಲದಲ್ಲಿ ಆಯ್ಕೆಯ ಕ್ರಮವೇ ಬೇರೆ: ಮೊದಲು ಬದುಕುವ ತಳಿ, ಅನಂತರ ಬೇಗ ಮಾಗುವ ತಳಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ಸೊರಗು ರೋಗವನ್ನು ತಡೆದುಕೊಳ್ಳುವ ಅರ್ಕಾ ಆಭಾ, ಅರ್ಕಾ ಆಲೋಕ್ ಎಂಬ ತಳಿಗಳನ್ನೂ, ಅರ್ಕಾ ರಕ್ಷಕ್ ಎಂಬ ಸಂಕರ ತಳಿಯನ್ನೂ ಕೊಟ್ಟಿದೆ. ಕೇರಳದ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘಾ ತಳಿಗಳೂ ಇದೇ ಗುಣವುಳ್ಳವು. ಸಂಕರ ತಳಿಯ ಬೀಜವನ್ನು ಪ್ರತಿವರ್ಷ ಕೊಳ್ಳಬೇಕು. ಮಿಕ್ಕವುಗಳ ಬೀಜವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. ಶಿರಸಿಯಲ್ಲಿ 'ವನಸ್ತ್ರೀ' ಬಳಗದ ಹೆಂಗಸರು ಹಿತ್ತಲಿನ ತರಕಾರಿಗಳ ಬೀಜವನ್ನು ಹೀಗೆಯೇ ಉಳಿಸಿ, ಹಂಚಿ, ಬೆಳಸುತ್ತ ಬಂದಿದ್ದಾರೆ. ಪ್ರತಿವರ್ಷವೂ ಮೊದಲು ಮಾಗಿದ, ರೋಗ ತಟ್ಟದ ಗಿಡದ ಹಣ್ಣನ್ನೇ ಬೀಜಕ್ಕೆ ಬಿಟ್ಟರೆ, ಕೆಲವು ವರ್ಷಗಳಲ್ಲಿ ತಳಿಯು ಆ ಹಿತ್ತಲಿಗೆ ಒಗ್ಗುವುದು.

ಈಗ ಆ ಬಂಧುತ್ವದ ಮಾತು. ಬದನೆ, ಮೆಣಸು, ಆಲೂಗಡ್ಡೆಗಳಿಗೂ, ಕುಲವೇ ಬೇರೆಯಾದ ಶುಂಠಿಗೂ ಈ ಸೊರಗು ತಗಲುವುದು. ಅವು ಸೊರಗಿದ ಜಾಗದಲ್ಲಿ ಟೊಮೇಟೊ ನೆಡಲಾಗದು. ಆ ಮಡಿಯಲ್ಲಿ ಅಲಸಂದೆಯನ್ನೋ ಮೆಕ್ಕೆಜೋಳವನ್ನೋ ಬೆಳಸಿರಿ. ನೀರು ನಿಲ್ಲದಂತೆ ಏರುಮಡಿ ಮಾಡಿ, ಮಣ್ಣಿನ ಹುಳಿ ನೋಡಿ ಸುಣ್ಣ ಬೆರಸಿ, ಬುಡಕ್ಕೆ ದರಕು ಹೊದಿಸಿರಿ. ರೋಗದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಲಾಗದು. ಸುಂಡೆಯ ಬೇರುಗಿಡಕ್ಕೆ ಟೊಮೇಟೊ ಕಸಿ ಕಟ್ಟುವುದೂ ಒಳ್ಳೆಯ ಉಪಾಯ.

ಪಟ್ಟಣದಲ್ಲಿ ಕುಂಡಗಳಲ್ಲಿ ಬೆಳಸುವವರಿಗೆ ಸ್ವಾತಂತ್ರ್ಯ ಹೆಚ್ಚು. ರೋಗವಿಲ್ಲದ ಹೊಸ ಮಣ್ಣನ್ನು ತುಂಬಿದರೆ ಪೂಸಾ ರೂಬಿಯನ್ನಾಗಲಿ, ಗೋಲಿಯಷ್ಟು ಸಣ್ಣ ಹಣ್ಣಿನ ತಳಿಯನ್ನಾಗಲಿ ಧೈರ್ಯದಿಂದ ಆರಿಸಬಹುದು. ಸಣ್ಣ ಹಣ್ಣು ದೊಡ್ಡದಕ್ಕಿಂತ ಬೇಗ ಮಾಗುವುದು. ಕುಂಡಕ್ಕೆ ದಿನದಲ್ಲಿ ಆರು ಗಂಟೆಯಾದರೂ ಬಿಸಿಲು ಬೇಕು.

ಒಂದು ಮಾತನ್ನು ಮರೆಮಾಚಲಾಗದು. 2023ರ ಜುಲೈಯಲ್ಲಿ ಟೊಮೇಟೊ ಬೆಲೆ ಕಿಲೋಗ್ರಾಮಿಗೆ ನೂರು ರೂಪಾಯಿಯನ್ನು ಮೀರಿತು. ಮಲೆನಾಡಿನ ಬಯಲು ಹಿತ್ತಲು ಜುಲೈಯಲ್ಲಿ ಹಣ್ಣು ಕೊಡಲಾರದು. ಆಗ ಹುಣಸೆ, ವಾಟೆಹುಳಿಗಳೇ ಗತಿ. ಹಿತ್ತಲಿನ ಗಿಡ ಕೊಡುವುದು ಚಳಿಗಾಲದ ಹಣ್ಣು. ಗಿಡದಲ್ಲಿಯೇ ಮಾಗಿದ್ದು, ಕೊಯ್ದ ಗಳಿಗೆಯಲ್ಲಿಯೇ ಒಲೆಗೆ ಬರುವಂಥದು. ಮುಂದಿನ ಅಕ್ಟೋಬರಿನಲ್ಲಿ ಎರಡು ತಳಿಗಳ ಆರಾರು ಸಸಿಗಳನ್ನು ಒಂದೇ ದಿನ ನೆಟ್ಟು, ಮೊದಲ ಹಣ್ಣಿನ ತಾರೀಖನ್ನೂ ಉಳಿದ ಗಿಡಗಳ ಲೆಕ್ಕವನ್ನೂ ಬರೆದಿಡಿರಿ. ನಿಮ್ಮ ಮಣ್ಣಿಗೆ ಯಾವುದು ತಕ್ಕುದೆಂಬುದನ್ನು ಆ ಬರಹವೇ ತಿಳಿಸುವುದು.