ಸೊರಗು ರೋಗದ ದುಂಡಾಣು: ಅದರ ಓಟ ಮತ್ತು ಬೀಡು
(ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಭಾಷಣ)



ಅಡಿಕೆ ಸಸಿ ನೆಟ್ಟ ಮೊದಲ ವರ್ಷಗಳಲ್ಲಿ ನಡುವೆ ಶುಂಠಿ ಹಾಕುವುದು, ಮನೆಯ ಹಿತ್ತಿಲಲ್ಲಿ ಬದನೆ, ಮೆಣಸು ಬೆಳೆಯುವುದು ಈ ಸೀಮೆಯ ರೂಢಿ. ನಿನ್ನೆ ಹಸಿರಾಗಿದ್ದ ಬದನೆ ಗಿಡ ಇಂದು ಮಧ್ಯಾಹ್ನ ಎಲೆ ಇಳಿಬಿಟ್ಟು ನಿಂತಿರುತ್ತದೆ. ಎಲೆ ಹಳದಿಯಾಗುವಷ್ಟೂ ಪುರುಸೊತ್ತಿಲ್ಲ. ನೀರು ಸಾಲದೆಂದು ನೀವು ಇನ್ನೊಂದು ಕೊಡ ಹೊಯ್ಯುತ್ತೀರಿ. ಬುಡದಲ್ಲಿ ನೀರು ಇದ್ದೇ ಇದೆ. ಅದು ಮೇಲೇರುವ ನಾಳ ಕಟ್ಟಿಹೋಗಿದೆ. ಕಟ್ಟಿದ್ದು ರಾಲ್ಸ್ಟೋನಿಯಾ ಎಂಬ ದುಂಡಾಣು. ಶುಂಠಿಯಲ್ಲಿ ಇದೇ ಗುಂಪಿನ ದುಂಡಾಣುವಿನಿಂದ ಮಡಿಗೆ ಮಡಿಯೇ ನೆಲಕಚ್ಚುವುದುಂಟು.

ಈ ದುಂಡಾಣುವಿಗೆ ಎರಡು ಬಗೆಯ ಬಾಳು. ಒದ್ದೆ ಮಣ್ಣಿನಲ್ಲಿ ಅದು ಬಾಲದಂತಹ ಎಳೆಯನ್ನು ತಿರುಗಿಸುತ್ತ, ಬೇರಿನಿಂದ ಒಸರುವ ರಸದ ಜಾಡು ಹಿಡಿದು ಈಜುತ್ತದೆ. ಈಜಲಾರದಂತೆ ಮಾಡಿದ ದುಂಡಾಣುವನ್ನು ಮಣ್ಣಿಗೆ ಹೊಯ್ದಾಗ ಟೊಮೇಟೊ ಗಿಡಗಳಿಗೆ ರೋಗ ಬಹಳ ಕಡಿಮೆ ಬಂತು. ಅದನ್ನೇ ಕತ್ತರಿಸಿದ ಎಲೆತೊಟ್ಟಿಗೆ ನೇರವಾಗಿ ಹಾಕಿದಾಗ ಎಂದಿನಂತೆ ಸೊರಗಿದವು. 2001ರಲ್ಲಿ ಪ್ರಕಟವಾದ ಪ್ರಯೋಗವಿದು. ಎಂದರೆ ಈಜು ಮುಖ್ಯವಾಗಿ ಬೇಕಾಗುವುದು ಬೇರನ್ನು ಹೊಗುವ ತನಕ. ಒಳಹೊಕ್ಕು ಸಂಖ್ಯೆ ಹೆಚ್ಚಿದ ಮೇಲೆ ನಾಳದ ಗೋಡೆಗೆ ಅಂಟಿ, ತಾನೇ ಸುರಿಸಿದ ಲೋಳೆಯೊಳಗೆ ಬೀಡುಬಿಡುತ್ತದೆ. ಈ ಲೋಳೆಪದರಕ್ಕೆ ಬಯೋಫಿಲ್ಮ್ ಎಂದು ಹೆಸರು.

ಓಡುವುದು, ನೆಲೆಯೂರುವುದು ಈ ಎರಡರಲ್ಲೂ ಪಾಲಿಅಮೈನ್ ಎಂಬ ವಸ್ತುಗಳ ಕೈವಾಡವಿದೆ. ಇವು ಸಾರಜನಕವುಳ್ಳ ಸಣ್ಣ ಅಣುಗಳು. ನಮ್ಮ ದೇಹದಲ್ಲೂ, ಗಿಡಗಳಲ್ಲೂ, ದುಂಡಾಣುಗಳಲ್ಲೂ ಅಮೈನೋ ಆಮ್ಲಗಳಿಂದ ತಯಾರಾಗುತ್ತವೆ. ಪುಟ್ರೆಸಿನ್ ಎಂಬುದನ್ನು 1885ರಲ್ಲಿ ಬರ್ಲಿನ್‌ನ ವೈದ್ಯ ಬ್ರೀಗರ್ ಕೊಳೆತ ಮಾಂಸದಲ್ಲಿ ಗುರುತಿಸಿದರು. ಹೆಸರೂ ಕೊಳೆಯುವುದರಿಂದಲೇ ಬಂದದ್ದು. ಪ್ರೋಟಿಯಸ್ ಎಂಬ ದುಂಡಾಣು ಹಿಂಡಾಗಿ ಹರಿದಾಡಲು ಪುಟ್ರೆಸಿನ್ ನೆರವಾಗುತ್ತದೆ. ಮಣ್ಣಿನ ಬ್ಯಾಸಿಲಸ್ ಸಬ್ಟಿಲಿಸ್ ಪದರ ಕಟ್ಟಲು ಸ್ಪರ್ಮಿಡಿನ್ ಬೇಕು. ಕಾಲರಾ ದುಂಡಾಣುವಿನಲ್ಲಿ ಅದೇ ಸ್ಪರ್ಮಿಡಿನ್ ಪದರ ಕಟ್ಟುವುದನ್ನು ತಡೆಯುತ್ತದೆ! ಆದ್ದರಿಂದ ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಲು ಬರುವುದಿಲ್ಲ.

ರಾಲ್ಸ್ಟೋನಿಯಾದ ವಿಷಯವನ್ನು ಅಮೆರಿಕದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ರೋಗ ತಗಲಿದ ಟೊಮೇಟೊ ಗಿಡದ ನಾಳರಸದಲ್ಲಿ ಪುಟ್ರೆಸಿನ್ 76 ಪಟ್ಟು ಏರಿತ್ತು. ಅದನ್ನು ತಯಾರಿಸುತ್ತಿದ್ದುದು ದುಂಡಾಣುವೇ. ತಯಾರಿಸುವ ಶಕ್ತಿ ಕಳೆದುಕೊಂಡ ದುಂಡಾಣು ಹೊರಗಿನಿಂದ ಪುಟ್ರೆಸಿನ್ ಕೊಡದೆ ಬೆಳೆಯಲಿಲ್ಲ. ಗಿಡಕ್ಕೆ ಪುಟ್ರೆಸಿನ್ ಉಣಿಸಿದಾಗಲೋ, ದುಂಡಾಣು ಬೇಗ ಹರಡಿ ಗಿಡ ಬೇಗ ಸೊರಗಿತು.

ಈ ತಿಳಿವಳಿಕೆಯಿಂದ ರೈತನ ಕೈಗೆ ಔಷಧಿ ಇನ್ನೂ ಬಂದಿಲ್ಲ. ಲೋಳೆಪದರ ಕರಗಿಸುತ್ತೇವೆಂದು ಯಾರಾದರೂ ಬಾಟಲಿ ತಂದರೆ ದುಡ್ಡು ಕೊಡುವ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ಅಭ್ಯಾಸವಾದ ಕೈ ಇಲ್ಲೂ ಅದನ್ನೇ ಎತ್ತಿಕೊಳ್ಳುತ್ತದೆ. ಅಡಿಕೆ ಗೊನೆಯಲ್ಲಿ ದ್ರಾವಣ ಕಾಯಿಯ ಮೇಲೆ ನಿಂತು ರೋಗಾಣುವನ್ನು ಹೊಸಿಲಲ್ಲೇ ತಡೆಯುತ್ತದೆ. ಸೊರಗಿದ ಬದನೆಯಲ್ಲಿ ವೈರಿ ನಾಳದೊಳಗೆ ಲೋಳೆಯ ಮರೆಯಲ್ಲಿ ಕುಳಿತಿದೆ. ಎಲೆಗೆ ಸಿಂಪಡಿಸಿದ್ದು ಅಲ್ಲಿಗೆ ತಲುಪದು.

ಆದುದರಿಂದ ದುಂಡಾಣು ಈಜುವ ಹಂತದಲ್ಲೇ ತಡೆಯಬೇಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ಜಿಲ್ಲೆಯಲ್ಲಿ ನೀರು ನಿಂತ ಮಡಿಯೇ ಅದಕ್ಕೆ ಹೆದ್ದಾರಿ. ಎತ್ತರದ ಮಡಿ ಮಾಡಿ, ಬಸಿಗಾಲುವೆ ತೆಗೆಯಿರಿ. ರೋಗ ಕಂಡ ಮಡಿಯ ನೀರು ಬೇರೆ ಮಡಿಗೆ ಹರಿಯಬಾರದು. ಬೇಸಿಗೆಯಲ್ಲಿ ಮಡಿಗೆ ನೀರುಣಿಸಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು 40 ದಿನ ಹೊದಿಸಿಡುವುದು ಒಳ್ಳೆಯದು. ಬದನೆ, ಟೊಮೇಟೊ, ಮೆಣಸು ಬೆಳೆದ ಜಾಗಕ್ಕೆ ಶುಂಠಿ ಬೇಡ. ಬದನೆಯಲ್ಲಿ ಹೆಸರಘಟ್ಟದ ಸಂಸ್ಥೆಯ ಅರ್ಕಾ ಕೇಶವ್, ಅರ್ಕಾ ನಿಧಿ ತಳಿಗಳು ಈ ರೋಗವನ್ನು ತಡೆದುಕೊಳ್ಳುತ್ತವೆ; ಸುಂಡೆ ಗಿಡಕ್ಕೆ ಕಸಿ ಕಟ್ಟಿದ ಬದನೆಯೂ ಆದೀತು.

ಅನುಮಾನ ಬಂದರೆ ಸೊರಗಿದ ಗಿಡದ ಬುಡದ ಕಾಂಡವನ್ನು ಒಂದು ಗೇಣು ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಇಳಿದರೆ ಅದು ದುಂಡಾಣುವೇ. ಅಂತಹ ಗಿಡವನ್ನು ಬೇರು, ಮಣ್ಣು ಸಹಿತ ತೆಗೆದು ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಡಿಯ ಶುಂಠಿ ನೋಡಲು ಎಷ್ಟೇ ಚೆನ್ನಾಗಿದ್ದರೂ ಬಿತ್ತನೆಗೆ ಇಡಬೇಡಿ, ನೆರೆಯವರಿಗೂ ಕೊಡಬೇಡಿ.