ಗಂಜಾಂ ಪಾದ್ರಿಯ ಪುಸ್ತಕ ಮತ್ತು ಹೆಸರಿಲ್ಲದ ಹಸ್ತಪ್ರತಿ

(ಉಪನ್ಯಾಸದ ಬರಹರೂಪ)



ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆ ಮದ್ದೂರು, ಮಂಡ್ಯ ದಾಟಿ ಶ್ರೀರಂಗಪಟ್ಟಣ ಸೇರುತ್ತದೆ. ಅಲ್ಲಿ ಕೋಟೆ, ಗುಂಬಜ್ ನೋಡಿ ಬರುವವರು ಸಾವಿರಾರು ಮಂದಿ. ಗಂಜಾಂನಲ್ಲಿರುವ ಹಳೆಯ ಚರ್ಚಿನ ಮುಂದೆ ನಿಲ್ಲುವವರು ಮಾತ್ರ ಅಪರೂಪ. ಆ ಚರ್ಚಿನೊಂದಿಗೆ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯ ಹೆಸರು ಅಂಟಿಕೊಂಡಿದೆ. ಭಾರತೀಯರ ಆಚಾರ ವಿಚಾರಗಳ ಬಗ್ಗೆ ಯೂರೋಪಿನಲ್ಲಿ ಬಹುಕಾಲ ಪ್ರಮಾಣವೆಂದು ಓದಿಸಿಕೊಂಡ ದೊಡ್ಡ ಪುಸ್ತಕ ಇವರ ಹೆಸರಿನಲ್ಲಿದೆ. ಆದರೆ ಅದರ ಎಷ್ಟು ಭಾಗ ಇವರದು? ಉತ್ತರ ಸಿಕ್ಕಿದ್ದು ಬೇರೊಬ್ಬರ ಹಳೆಯ ಕಾಗದಗಳಲ್ಲಿ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗವಾಯಿತು. ಮೇ 4ರಂದು ಕೋಟೆ ಬಿತ್ತು. ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ದುಬ್ವಾ. ಫ್ರಾನ್ಸಿನ ಕ್ರಾಂತಿಯ ಗಲಭೆಯ ನಡುವೆ, 1792ರಲ್ಲಿ ದೇಶ ಬಿಟ್ಟವರು. ಪೇಟ ಸುತ್ತಿ, ಇಲ್ಲಿಯವರಂತೆ ಬಟ್ಟೆ ತೊಟ್ಟು ಬದುಕಿದರು. ಜನ ಕರೆದದ್ದು ‘ದೊಡ್ಡ ಸ್ವಾಮಿಯವರು’ ಎಂದು. ಸಿಡುಬಿನ ವಿರುದ್ಧ ದೇವಿ ಹಾಕುವ ಕೆಲಸಕ್ಕೂ ಇಳಿದರು. ಅವರ ಕಾಲದ ಸರಕಾರಿ ಕಾಗದಗಳಲ್ಲಿರುವ ಲೆಕ್ಕ 25 ಸಾವಿರಕ್ಕೂ ಮೇಲೆ.

ಅವರು ಬರೆದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿಕೊಂಡು ಶಿಫಾರಸು ಮಾಡಿದರು. 1807ರಲ್ಲಿ ಕಂಪನಿ ಸರಕಾರ 2000 ವರಹ ಕೊಟ್ಟು ಅದನ್ನು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಇತ್ತ ದುಬ್ವಾ ಅದೇ ಬರಹವನ್ನು ತಿದ್ದಿ, ಬೆಳೆಸಿ ಮದರಾಸಿಗೆ ಕೊಟ್ಟಿದ್ದರು. ತಿದ್ದಿದ ಪ್ರತಿ ಸರಕಾರಿ ದಫ್ತರದಲ್ಲಿ ಮಲಗಿತು. ಅದನ್ನು ಎತ್ತಿ ಬೋಷಾಂ ಎಂಬಾತ ಇಂಗ್ಲಿಷಿಗೆ ತಂದದ್ದು 1897ರಲ್ಲಿ. ಲೇಖಕ ತೀರಿಕೊಂಡು ಅಷ್ಟು ಹೊತ್ತಿಗೆ ಸುಮಾರು ಐವತ್ತು ವರ್ಷ. ಕಚೇರಿಯ ಕಡತಗಳ ನಿದ್ದೆ ಇಂದಿನ ಕಾಯಿಲೆಯಲ್ಲ ಎಂದಾಯಿತು!

ಇನ್ನು ಅಸಲು ಕಥೆ. ದುಬ್ವಾ ಬರುವ ಮೊದಲು ದಕ್ಷಿಣದಲ್ಲಿದ್ದವರು ಯೇಸುಸಭೆಯ ಪಾದ್ರಿಗಳು. ಅವರ ಪೈಕಿ ಇಟಲಿಯ ಲಿಯೊನಾರ್ದೋ ಚಿನ್ನಾಮಿ 1649ರಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದಿದ್ದರು. ಈ ಸಭೆಯವರು ಪ್ರತಿವರ್ಷ ರೋಮಿಗೆ ವರದಿ ಕಳಿಸಬೇಕಿತ್ತು. ಹಡಗು ಮುಳುಗಿದರೆ ಕಾಗದವೂ ಮುಳುಗುತ್ತದೆಂದು ಒಂದೇ ಪತ್ರದ ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಿಗೆ ಹಾಕುತ್ತಿದ್ದರು. ನಮ್ಮ ಸೀಮೆಯ ಮೂರೂವರೆ ಶತಮಾನದ ಹಿಂದಿನ ಸಂಗತಿಗಳು ರೋಮಿನ ಕಪಾಟಿನಲ್ಲಿ ಉಳಿದದ್ದು ಹೀಗೆ. ಅವನ್ನು ಓದಿ ಫೆರೋಲಿ ಎಂಬ ಪಾದ್ರಿ 1955ರಲ್ಲಿ ಮೈಸೂರಿನ ಯೇಸುಸಭೆಯ ಇತಿಹಾಸವನ್ನೇ ಬರೆದರು.

ಇದೇ ಸಭೆಯ ಗಾಸ್ತೋನ್ ಲೋರಾಂ ಕರ್ದೂ ತೆಲುಗು, ಸಂಸ್ಕೃತ ಬಲ್ಲವರು. ಬಟ್ಟೆಗೆ ಬಣ್ಣ ಹಾಕುವ ನಮ್ಮವರ ವಿಧಾನದ ಬಗ್ಗೆ 1742ರಲ್ಲಿ ಪತ್ರ ಬರೆದರು. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಭಾಷೆಗಳ ಹೋಲಿಕೆಯನ್ನು ಗುರುತಿಸಿ 1767ರ ಸುಮಾರಿಗೆ ಪ್ಯಾರಿಸ್ಸಿನ ವಿದ್ವಾಂಸರಿಗೆ ತಿಳಿಸಿದರು. ಆ ಬರಹ ಅಚ್ಚಾದದ್ದು 1808ರಲ್ಲಿ. ನಡುವೆ 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಅದೇ ಮಾತು ಆಡಿ ಕೀರ್ತಿ ಪಡೆದಾಗಿತ್ತು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಸಭೆ ಹೋದ ಮೇಲೆ ಅದರ ಕಾಗದಗಳಿಗೆ ಯಜಮಾನರಾರು? ಕರ್ದೂ 1779ರಲ್ಲಿ ತೀರಿಕೊಂಡರು. ಭಾರತೀಯರ ನಡೆನುಡಿಗಳ ಬಗ್ಗೆ ಅವರು ಬರೆದಿದ್ದ ಮೂಲ ಗ್ರಂಥ ಕಾಣೆಯಾಯಿತು.

ಇಪ್ಪತ್ತನೇ ಶತಮಾನದ ಎಪ್ಪತ್ತರ ದಶಕದಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ ಲಂಡನ್ನಿನಲ್ಲಿದ್ದ ಒಂದು ಹಸ್ತಪ್ರತಿಯನ್ನು ಪರಿಶೀಲಿಸಿದರು. ದೆವೋ ಎಂಬ ಫ್ರೆಂಚ್ ಸೇನಾಧಿಕಾರಿ 1777ರ ಹೊತ್ತಿಗೆ ಸಿದ್ಧಪಡಿಸಿದ ಪ್ರತಿ ಅದು. ದುಬ್ವಾ ಪುಸ್ತಕದ ಅಧ್ಯಾಯಕ್ಕೆ ಅಧ್ಯಾಯವೇ ಅಲ್ಲಿ! ಹಸ್ತಪ್ರತಿ ಸಿದ್ಧವಾದಾಗ ದುಬ್ವಾ ಇನ್ನೂ ಹನ್ನೊಂದರ ಹುಡುಗ. ಮೊದಲು ಮೂರ್ ಕೂಡ ದೆವೋವೇ ನಿಜವಾದ ಲೇಖಕನೆಂದು ನಂಬಿ 1977ರಲ್ಲಿ ಹಾಗೆಯೇ ಬರೆದರು. ಆಮೇಲೆ ಕರ್ದೂ ಅವರ ಇತರ ಬರಹಗಳೊಂದಿಗೆ ತಾಳೆ ನೋಡಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. 1987ರಲ್ಲಿ ಎರಡು ಸಂಪುಟ ಪ್ರಕಟಿಸಿ ಮೂಲ ಕರ್ದೂ ಅವರದೆಂದು ತೋರಿಸಿದರು. ದುಬ್ವಾ ಕೈಗೆ ಆ ಗ್ರಂಥದ ಒಂದು ಪ್ರತಿ ಸಿಕ್ಕಿರಬೇಕೆಂಬುದು ಇದರಿಂದ ಬರುವ ತೀರ್ಮಾನ.

ಹಾಗಾದರೆ ದುಬ್ವಾ ಕಳ್ಳರೇ? ಹಳಬರ ಟಿಪ್ಪಣಿ ಬಳಸುವುದು ಪಾದ್ರಿಗಳ ವಾಡಿಕೆ ಎನ್ನುವವರುಂಟು. ಅವರು ತಾವು ಕಂಡದ್ದನ್ನೂ ಸೇರಿಸಿದ್ದು ನಿಜ. ಆದರೂ ಎರಡು ಸಾವಿರ ವರಹ ಎಣಿಸಿಕೊಂಡಾಗ ಕರ್ದೂ ಹೆಸರನ್ನು ಹೇಳಲು ಎಷ್ಟು ಮಸಿ ಬೇಕಿತ್ತು? ಈ ತಪ್ಪನ್ನು ಮನ್ನಿಸುವುದು ಕಷ್ಟ.

ಆದರೆ ಅವರ ಸ್ವಂತದ ದನಿಯೂ ಇದೆ. 1815ರಿಂದ ಬರೆದ ಪತ್ರಗಳನ್ನು 1823ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಹಿಂದೂಗಳ ಮತಾಂತರ ಆಗದ ಹೋಗದ ಕೆಲಸ ಎಂದು ಪಾದ್ರಿಯೇ ಬರೆದದ್ದು! ಇಂಗ್ಲೆಂಡಿನ ಧರ್ಮಪ್ರಚಾರಕರು ಸಿಟ್ಟಾಗಿ ಪುಸ್ತಕಗಳಲ್ಲೇ ಉತ್ತರ ಕೊಟ್ಟರು. ಆ ಪತ್ರಗಳಲ್ಲಿ ಯಾರ ಪ್ರತಿಯೂ ಇಲ್ಲ. ಸೋತೆನೆಂದುಕೊಂಡ ಮನುಷ್ಯನ ಮಾತಿದೆ. ಅದೇ 1823ರಲ್ಲಿ ಅವರು ಭಾರತ ಬಿಟ್ಟರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ರೋಮು, ಪ್ಯಾರಿಸ್ಸು, ಲಂಡನ್ನಿನ ಕಪಾಟುಗಳಿಗೆ ಕಾವಲಿದೆ. ಕಥೋಲಿಕ ಚರ್ಚುಗಳಲ್ಲಿ ಜ್ಞಾನಸ್ನಾನ, ಮದುವೆಗಳ ದಾಖಲೆ ಇಡಬೇಕೆಂಬ ಕಟ್ಟಳೆ 1563ರ ಟ್ರೆಂಟ್ ಸಭೆಯಿಂದ ಬಂದದ್ದು. ಇಲ್ಲಿಯ ಹಳೆಯ ಕಾಗದಗಳಿಗೆ ಗೆದ್ದಲು, ಮಳೆಗಾಲದ ತೇವ ಎರಡೂ ಶತ್ರು. ಕಬ್ಬಿಣದ ಅಂಶವಿದ್ದ ಹಳೆಯ ಮಸಿ ಅಕ್ಷರವಿದ್ದ ಜಾಗವನ್ನೇ ತಿಂದು ತೂತು ಮಾಡುತ್ತದೆ. ನಿಮ್ಮೂರ ಚರ್ಚಿನಲ್ಲೋ ಮಠದಲ್ಲೋ ಅಜ್ಜನ ಪೆಟ್ಟಿಗೆಯಲ್ಲೋ ಅಂಥ ಚೂರು ಸಿಕ್ಕಿದರೆ ಸೆಲೊಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಅಂಟು ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ಶುಭ್ರ ಕಾಗದದ ನಡುವೆ ಮಡಿಸದೆ ಇಡಿ. ಯಾವ ಪುಸ್ತಕದ ಯಾವ ಪುಟದ ನಡುವೆ ಸಿಕ್ಕಿತೆಂದು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ.